ಮೂರು ಕಾಲದ ಪೈಪುಗಳು

ನಿಶ್ಚಿತಾರ್ಥದ ಉಂಗುರ ರಬಾಬಳ ಬ್ಯಾಗಿನಲ್ಲಿತ್ತು. ಬೆಳಿಗ್ಗೆ ಔಷಧಿ ಅಂಗಡಿಯ ಕೆಲಸಕ್ಕೆ ಹೊರಡುವಾಗಲೇ ಬಲಗೈ ಬೆರಳಿನಿಂದ ಕಳಚಿ, ಕರವಸ್ತ್ರದಲ್ಲಿ ಸುತ್ತಿಟ್ಟಿದ್ದಳು. ಅದನ್ನು ಮೆದ್‌ಹತ್‌ಗೆ ಹಿಂದಿರುಗಿಸಬೇಕು, ಮನೆಗೆ ಹೋಗಿ ಮಲಗಬೇಕು. ಅಳುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

ಆದರೆ ಅವನು ಅವಳನ್ನು ಬರಹೇಳಿದ್ದು ಕೈರೋದ ಅತಾಬಾ ಪೇಟೆಯ ಓಣಿಯಲ್ಲಿದ್ದ ಬಿಶಾರಾನ ಎಲೆಕ್ಟ್ರಿಕಲ್ ಅಂಗಡಿಗೆ. ಪೈಪು, ವೈರುಗಳ ನಡುವೆ ನಿಂತು ನಿಶ್ಚಿತಾರ್ಥ ಮುರಿಯುವುದಾದರೂ ಹೇಗೆ?

ಮೆದ್‌ಹತ್ ಎಲೆಕ್ಟ್ರಿಷಿಯನ್. ಶುಬ್ರಾದಲ್ಲಿದ್ದ ಅವನ ಮನೆ ಮೂರು ಕಾಲದಲ್ಲಿ ಎದ್ದದ್ದು. ಅಜ್ಜ ಕಟ್ಟಿಸಿದ ನೆಲಮಹಡಿಯ ಗೋಡೆಯೊಳಗೆ ತಿರುಪು ಕೊರೆದ ದಪ್ಪ ಕಬ್ಬಿಣದ ಪೈಪು. ಅಪ್ಪ ಕಟ್ಟಿಸಿದ ಮೇಲಿನ ಮಹಡಿಯಲ್ಲಿ ತಿರುಪಿಲ್ಲದ ತೆಳು ಉಕ್ಕಿನ ಕೊಳವೆ. ಮದುವೆಯಾಗುವ ಮಗನಿಗೆಂದು ತಾರಸಿಯ ಮೇಲೆ ಎಬ್ಬಿಸಿದ ಎರಡು ಕೋಣೆಗಳಲ್ಲಿ ಬಿಳಿ ಪ್ಲಾಸ್ಟಿಕ್. ಕೆಳಗಿನ ಮೀಟರಿನ ಕರೆಂಟು ಈ ಮೂರನ್ನೂ ಹಾದು ಮೇಲಕ್ಕೆ ಬರಬೇಕು.

ಬೇರೆ ಯಾರಾದರೂ ಹೊರಗೋಡೆಯ ಮೇಲೆ ಒಂದು ಕೇಬಲ್ ಎಳೆದು ಕೈತೊಳೆದುಕೊಳ್ಳುತ್ತಿದ್ದರು. ಇವನು ವಾರವಿಡೀ ಊರವರ ಮನೆಗಳಿಗೆ ವೈರಿಂಗ್ ಮಾಡಿ, ಶುಕ್ರವಾರ ಮಾತ್ರ ತನ್ನ ಮನೆಯ ಗೋಡೆ ಕೊರೆಯುತ್ತ, ವರ್ಷಗಳಿಂದ "ಮುಂದಿನ ತಿಂಗಳು" ಎನ್ನುತ್ತಿದ್ದ. ಮನೆ ಸಿದ್ಧವಾಗದೆ ಮದುವೆಯಿಲ್ಲ. "ಮನಸ್ಸಿಲ್ಲದವನ ನೆಪ ಅದು. ಈ ಶುಕ್ರವಾರ ದೀಪ ಉರೀದಿದ್ರೆ ಉಂಗುರ ಕೊಟ್ಟು ಬಾ," ಎಂದಿದ್ದಳು ರಬಾಬಳ ತಾಯಿ.

ಇಂದು ಶುಕ್ರವಾರ.

"ಬಾಮ್ಮ ರಬಾಬ್," ಎಂದ ಬಿಶಾರಾ. "ಮದುಮಗಳು ಮುದುಕಿಯಾಗೋ ಮೊದಲು ಇವನು ಜಾಯಿಂಟ್ ಆರಿಸಿ ಮುಗಿಸ್ತಾನಾ, ಕೇಳು."

"ನಾನು ಆಗಲೇ ಮುದುಕಿ, ಮಾಮ."

ಮೆದ್‌ಹತ್ ತಲೆಯೆತ್ತಿದ. ರೆಪ್ಪೆಗಳ ಮೇಲೆಲ್ಲ ಸಿಮೆಂಟಿನ ಪುಡಿ. ಅವಳ ಮುಖ ನೋಡಿದ, ಬ್ಯಾಗು ಹಿಡಿದ ಕೈ ನೋಡಿದ, ಮತ್ತೆ ಕೌಂಟರಿನ ಕಡೆ ತಿರುಗಿದ.

"ಇದು ಕೆಳಗಿನ ಜಾಯಿಂಟಿಗೆ," ಎಂದು ಎರಡು ಪೈಪು ಸೇರಿಸುವ ಒಂದು ಕಪ್ಲಿಂಗ್ ಎತ್ತಿದ. "ಒಂದು ಕಡೆ ತಿರುಪು, ಕಬ್ಬಿಣಕ್ಕೆ. ಇನ್ನೊಂದು ಕಡೆ ಬಿಗಿಯೋ ಸ್ಕ್ರೂ, ತಿರುಪಿಲ್ಲದ ತೆಳು ಕೊಳವೆಗೆ." ಕೆಳಗಿಟ್ಟ. ಮತ್ತೆ ಎತ್ತಿಕೊಂಡು ತಿರುಗಿಸಿ ನೋಡಿದ.

"ಮೇಲಿನ ಜಾಯಿಂಟಿಗೆ ಏನೂ ಬೇಡ," ಎಂದ ಬಿಶಾರಾ. "ಪ್ಲಾಸ್ಟಿಕ್‌ನ ಉಕ್ಕಿನ ಬಾಯಿಗೆ ತುರುಕಿ ಟೇಪ್ ಸುತ್ತು. ಅರ್ಧ ಕೈರೋ ಹಾಗೇ ನಿಂತಿದೆ."

"ನಿಂತ್ಕೊಳ್ಳಲಿ. ನಂಗೆ ಒಂದು ಕಬ್ಬಿಣದ ಬಾಕ್ಸ್ ಕೊಡಿ. ಕೆಳಗಡೆ ಉಕ್ಕಿನ ಕನೆಕ್ಟರ್, ಮೇಲ್ಗಡೆ ಪ್ಲಾಸ್ಟಿಕ್ ಅಡಾಪ್ಟರ್, ಒಳಗಿಂದ ನಟ್. ಶಾಕ್ ಹೊಡೀದಿರೋಕೆ ಅರ್ಥ್ ವೈರು, ಅದಕ್ಕೊಂದು ಕ್ಲಾಂಪ್."

"ಅರ್ಥ್ ಯಾರಪ್ಪ ಹಾಕಿಸ್ತಾರೆ ಈಗ?"

"ಲೋಹ ಇರೋ ತನಕ ಪೈಪೇ ಅರ್ಥ್ ಒಯ್ಯುತ್ತೆ. ಪ್ಲಾಸ್ಟಿಕ್ ಒಯ್ಯಲ್ಲ. ಅಲ್ಲಿಂದ ತಾಮ್ರದ ತಂತಿ ಬೇಕು, ಗೀಸರ್ ತನಕ."

ಗೀಸರ್ ಎಂದಾಗ ರಬಾಬ್ ಅವನನ್ನು ನೋಡಿದಳು. ಅವನು ಅವಳನ್ನು ನೋಡಲಿಲ್ಲ.

ಚಿಕ್ಕವಳಿದ್ದಾಗ ಒಂದು ಚಳಿಗಾಲ, ಒದ್ದೆ ಕೈಯಲ್ಲಿ ಗೀಸರ್ ಮುಟ್ಟಿ, ಶಾಕ್ ಹೊಡೆದು ಅವಳು ಗೋಡೆಗೆ ಹೋಗಿ ಬಿದ್ದಿದ್ದಳು. ಅಂದಿನಿಂದ ಯಾವ ಸ್ವಿಚ್ಚನ್ನೇ ಆದರೂ ಅಂಗಿಯ ತೋಳು ಕೆಳಗೆಳೆದುಕೊಂಡು, ಬಟ್ಟೆಯ ಮೇಲಿನಿಂದಲೇ ಒತ್ತುತ್ತಿದ್ದಳು. ಯಾಕೆಂದು ಯಾರಿಗೂ ಹೇಳಿರಲಿಲ್ಲ.

ಬಿಶಾರಾ ಸಾಮಾನು ಕಟ್ಟಿಕೊಟ್ಟ ಮೇಲೂ ಮೆದ್‌ಹತ್ ಇನ್ನೊಂದು ಡಬ್ಬಿ ತೆಗೆಸಿದ, ಇನ್ನೊಂದು ಕಪ್ಲಿಂಗ್ ಆರಿಸಿದ. ಅವಳಿಗೆ ಕಾಲು ನೋಯುತ್ತಿತ್ತು.

ಬಿಶಾರಾನ ಎದುರು ಉಂಗುರದ ಮಾತೆತ್ತಲಾರದೆ ಅವಳೂ ಅವನ ಜೊತೆ ಶುಬ್ರಾಕ್ಕೆ ಹೋದಳು. ಅಲ್ಲಿ ಜೋಡಣೆಗಳೆರಡನ್ನೂ ಬಿಗಿದು ಅವನು ಕೆಳಗಿನಿಂದ ವೈರು ತಳ್ಳಿದ. ತಾರಸಿಯ ಕೋಣೆಯಲ್ಲಿ ಅವಳು ಎಳೆದಳು. ಅವನು ನಿಲ್ಲಿಸಿದರೆ ವೈರು ಅವಳ ಅಂಗೈಯಲ್ಲಿ ಬಿಗಿಯಾಗುತ್ತಿತ್ತು, ತಳ್ಳಿದರೆ ಸಡಿಲ. ಎರಡು ಮಹಡಿ ಕೆಳಗೆ ಅವನ ಕೈಗೆ ಎಷ್ಟು ಸುಸ್ತಾಗಿದೆ ಎಂಬುದು ಅವಳಿಗೆ ಗೊತ್ತಾಗುತ್ತಿತ್ತು.

ಅವನು ಮೇಲೆ ಬಂದು ವೈರಿನ ತುದಿಗಳನ್ನು ಸೇರಿಸುವಾಗ ಅವಳು ಸಿಮೆಂಟಿನ ಚೀಲದ ಮೇಲೆ ಕೂತಳು.

"ಒಂದು ಕೇಬಲ್ ಎಳೆದಿದ್ರೆ ಆಗ್ತಿತ್ತಲ್ಲ. ನಿಂಗೆ ಮನಸ್ಸಿಲ್ಲ ಅಂತಾಳೆ ನಮ್ಮಮ್ಮ."

"ನೀನೇನಂತೀಯ?"

"ಸುಸ್ತಾಗಿದೆ ಅಂತೀನಿ."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಮೊದಲ ಸಲ ನಮ್ಮನೆಗೆ ಬಂದಾಗ ನೀನು ತೋಳು ಎಳ್ಕೊಂಡು ಸ್ವಿಚ್ ಒತ್ತಿದ್ದೆ. ಆಮೇಲೆ ಪ್ರತಿ ಸಲವೂ ಹಾಗೇ. ಒಂದ್ಸಲ ಗೀಸರ್ ಪಕ್ಕ ಹಾದು ಹೋಗೋಕೂ ಹೆದರಿದ್ದೆ. ಕೇಳಿದ್ರೆ ನಾಚ್ಕೋತೀಯ ಅಂತ ಸುಮ್ನಿದ್ದೆ. ಹೊರಗಿಂದ ಬರೀ ಕೇಬಲ್ ಎಳೆದ್ರೆ ಅರ್ಥ್ ಬರಲ್ಲ. ಈ ಮನೇಲಿ ನಿಂಗೆ ಆ ಹೆದರಿಕೆ ಇರಬಾರದು. ಅಷ್ಟೇ."

"ಇಷ್ಟು ಹೇಳೋಕೆ ವರ್ಷಗಟ್ಟಲೆ ಬೇಕಾಯ್ತಾ ನಿಂಗೆ?"

"ಮಾಡಿ ಮುಗಿಸಿ ಹೇಳೋಣ ಅಂತಿದ್ದೆ." ಕೈಯ ಧೂಳು ಒರೆಸಿಕೊಳ್ಳುತ್ತ, "ಅಂಗಡೀಲಿ ನಿನ್ನ ಬರಿ ಬೆರಳು ನೋಡ್ದೆ ರಬಾಬ್. ಅದಕ್ಕೇ ಅಷ್ಟು ಹೊತ್ತು ಆರಿಸ್ತಾ ನಿಂತಿದ್ದು. ಆರಿಸೋದು ಮುಗಿದ್ರೆ ನೀನು ಮಾತು ಶುರು ಮಾಡ್ತೀಯಲ್ಲ," ಎಂದ.

ಅವಳು ಬ್ಯಾಗನ್ನು ಮಡಿಲಿಗೆ ಒತ್ತಿ ಹಿಡಿದಳು. "ಹೋಗಿ ಮೇನ್ ಸ್ವಿಚ್ ಹಾಕು," ಎಂದಳು.

ಮೆಟ್ಟಿಲುಗಳಲ್ಲಿ ಅವನ ಹೆಜ್ಜೆ ಇಳಿಯಿತು. ಕೆಳಗಿನಿಂದ ದನಿ ಬಂತು: "ಒತ್ತು."

ಅಭ್ಯಾಸದಂತೆ ಅವಳ ಕೈ ಅಂಗಿಯ ತೋಳನ್ನು ಕೆಳಗೆಳೆಯಿತು. ಅರೆಗಳಿಗೆ ಹಾಗೇ ನಿಂತಳು. ತೋಳನ್ನು ಮೇಲೆ ಸರಿಸಿ, ಬರಿ ಬೆರಳಿನಿಂದ ಸ್ವಿಚ್ ಒತ್ತಿದಳು.

ವೈರಿನ ತುದಿಯಲ್ಲಿ ತೂಗುತ್ತಿದ್ದ ಬಲ್ಬು ಹತ್ತಿಕೊಂಡಿತು. ಬಣ್ಣವಿಲ್ಲದ ಗೋಡೆ, ನೆಲದ ತುಂಬ ಧೂಳು, ಮೆಟ್ಟಿಲು ಓಡಿ ಹತ್ತಿ ಬಂದು ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ಮೆದ್‌ಹತ್. ಎಲ್ಲವೂ ದಣಿದಂತೆ ಕಾಣುತ್ತಿದ್ದವು. ಎಲ್ಲವೂ ಅವಳವೇ ಆಗಿದ್ದವು.

ಅವಳು ಕರವಸ್ತ್ರ ಬಿಚ್ಚಿ ಉಂಗುರವನ್ನು ಅವನತ್ತ ಚಾಚಿದಳು. ಅವನ ಮುಖ ಬಿಳುಚಿಕೊಂಡಿತು.

"ಹಾಗೆ ನೋಡ್ಬೇಡ. ಕೈ ತೊಳ್ಕೊಂಡು ಬಾ. ನೀನೇ ಹಾಕು."

"ಎಡಗೈಗೆ?"

"ಈಗ ಬಲಗೈಗೇ. ಎಡಗೈಗೆ ಹಾಕೋದು ಮದುವೆ ದಿನ. ಆ ದಿನ ಯಾವುದು ಅಂತ ನಮ್ಮಮ್ಮನ ಹತ್ರ ಹೋಗಿ ಗೊತ್ತು ಮಾಡೋದು ನಿನ್ನ ಕೆಲಸ. ಇವತ್ತೇ."

ಅವನು ತನ್ನ ಸಿಮೆಂಟು ಮೆತ್ತಿದ ಕೈಗಳನ್ನು ನೋಡಿಕೊಂಡ. "ಮೇಲೆ ನೀರಿಲ್ಲ. ನಲ್ಲಿ ಪೈಪು ಇನ್ನೂ ಆರಿಸ್ಬೇಕು."

"ಅದನ್ನ ನಾನು ಆರಿಸ್ತೀನಿ," ಎಂದಳು ರಬಾಬ್.

ಇಬ್ಬರೂ ಕೈ ತೊಳೆಯಲು ಕೆಳಗಿಳಿದರು. ಬಲ್ಬನ್ನು ಹಾಗೇ ಉರಿಯಲು ಬಿಟ್ಟಿದ್ದರು.