ತಾರವ್ವನ ಹಲ್ಲಿನ ಸೆಟ್ಟು

"ನನ್ನ ಬಾಯಾಗ ಬ್ಯಾರೆ ಯಾರೋ ಕುಂತಾರ. ನಾ ಹೆಂಗ ಉಣ್ಲಿ?" ಎನ್ನುತ್ತ ಕಸ್ತೂರೆವ್ವ ಗಂಜಿಯ ಬಟ್ಟಲನ್ನು ದೂರ ಸರಿಸಿದಳು. ಸೊಸೆ ಉಜ್ವಲಾ ಅದನ್ನು ಮತ್ತೆ ಮುಂದಿಟ್ಟಳು. ಹದಿನೆಂಟು ದಿನಗಳಿಂದ ಇದೇ ಮಾತು... ಕಾಗವಾಡದ ಆ ವೃದ್ಧಾಶ್ರಮದಲ್ಲಿ ಉಜ್ವಲಾ ನರ್ಸ್. ಸೊಂಟ ಮುರಿದ ಅತ್ತೆ ಕಣ್ಣೆದುರಿಗೇ ಇರಲೆಂದು ತಾನೇ ಅಲ್ಲಿಗೆ ಕರೆತಂದಿದ್ದಳು. ಪಕ್ಕದ ಮಂಚದ ತಾರವ್ವ ತೀರಿಕೊಂಡ ದಿನದಿಂದ ಅತ್ತೆ ಅನ್ನ ಬಿಟ್ಟು ನೀರು-ಮಜ್ಜಿಗೆಯ ಮೇಲೆಯೇ ಇದ್ದಳು. ಸತ್ತವಳೇ ಇವಳನ್ನು ಹೊಕ್ಕಿದ್ದಾಳೆಂದು ಉಳಿದ ಮುದುಕಿಯರು ಆ ಕಡೆ ಸುಳಿಯುತ್ತಲೂ ಇರಲಿಲ್ಲ.

"ಅವ್ವನ ತಲಿ ಕೆಟ್ಟೈತಿ. ನಾಳೆ ಮಿರಜಿಗೆ ಒಯ್ದು ಹುಚ್ಚಿನ ಡಾಕ್ಟರಗ ತೋರಸ್ತೇನಿ," ಎಂದ ಮಗ ಮಲ್ಲೇಶ. ದ್ರಾಕ್ಷಿ ತೋಟದಿಂದ ನೇರ ಅಲ್ಲಿಗೇ ಬಂದಿದ್ದ.

ಅಂದೇ ದಂತವೈದ್ಯೆ ಸೌಂದರ್ಯಾ ತಪಾಸಣೆಗೆ ಬಂದಳು. ರಿಜಿಸ್ಟರಿನಲ್ಲಿ ಕಸ್ತೂರೆವ್ವನ ಹೆಸರಿನ ಮುಂದೆ "ಸ್ವಂತ ಹಲ್ಲು, ಬಾಯಿ ಸ್ವಚ್ಛ" ಎಂದಿತ್ತು. ಬಾಯಿ ತೆರೆಸಿದರೆ ಒಂದೂ ಸ್ವಂತ ಹಲ್ಲಿಲ್ಲ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ತೆಗೆದಾಗ ಒಸಡಿನ ತುಂಬ ಹುಣ್ಣು, ಕೀವು.

"ಈ ಸೆಟ್ ಇವರದಲ್ರಿ ಸಿಸ್ಟರ್. ಅಳತಿನ ಬ್ಯಾರೆ ಐತಿ. ಯಾರದಿದು?"

ಉಜ್ವಲಾ ರಿಜಿಸ್ಟರಿನತ್ತ ನೋಡಿದಳು. ಪ್ರತಿ ತಿಂಗಳೂ ಇಪ್ಪತ್ತೆರಡು ಜನರ ಬಾಯಿ ನೋಡಿ ಬರೆಯಬೇಕಾದದ್ದನ್ನು ಅವಳು ಕುರ್ಚಿ ಬಿಟ್ಟೇಳದೆ ಬರೆಯುತ್ತಿದ್ದಳು. ಅತ್ತೆಗೆ ಸೆಟ್ಟಿರುವುದು ಗೊತ್ತಿದ್ದೂ ಎಲ್ಲರ ಹೆಸರಿನ ಮುಂದೆ ಅದೇ ಒಂದು ಸಾಲು. ದಾಖಲೆಯಲ್ಲೇ ಇಲ್ಲದ ಸೆಟ್ಟುಗಳ ಮೇಲೆ ಹೆಸರು ಯಾರು ಬರೆಸುತ್ತಾರೆ? ತಾರವ್ವ ತೀರಿದ ಮುಂಜಾನೆ ಇಬ್ಬರ ಸೆಟ್ಟೂ ಒಂದೇ ಬಟ್ಟಲಿನ ನೀರಿನಲ್ಲಿದ್ದವು. ಮಣ್ಣಿಗೆ ಒಯ್ಯುವ ಅವಸರದಲ್ಲಿದ್ದ ಮನೆಯವರು ಮುಖ ಲಕ್ಷಣವಾಗಿ ಕಾಣಲೆಂದರು. ಉಜ್ವಲಾ ಕೈಗೆ ಸಿಕ್ಕಿದ್ದನ್ನು ಹೆಣದ ಬಾಯಿಗಿಟ್ಟು, ಉಳಿದದ್ದನ್ನು ಅತ್ತೆಗೆ ಹಾಕಿದ್ದಳು...

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗಂಡ ಆಗಲೇ ತಾಯಿಯನ್ನು ಹುಚ್ಚಿಯೆಂದು ನಂಬಿದ್ದ.

"ತಾರವ್ವಂದ್ರಿ," ಎಂದಳು ಉಜ್ವಲಾ. "ನಾ ನೋಡಲಾರದ ಬರದೇನಿ. ಅತ್ತಿ ಸೆಟ್ ಮಣ್ಣಾಗ ಹೋಗೇತಿ."

"ಮನಿ ಸೊಸಿ ಆಗಿ ಒಮ್ಮೆನೂ ಬಾಯಿ ತಗಸಿ ನೋಡ್ಲಿಲ್ಲೇನ ನೀ?" ಮಲ್ಲೇಶ ರೇಗಿದ.

ಬರಿದಾದ ಬಾಯಲ್ಲಿ ಕಸ್ತೂರೆವ್ವ ತೊದಲಿದಳು. "ಅಕಿಗೆ ಅನಬ್ಯಾಡೋ. ನೀನರ ಯಾವಾಗ ನೋಡೀದಿ?"

ಮಲ್ಲೇಶ ಗಂಜಿಯ ಬಟ್ಟಲನ್ನು ಎತ್ತಿಕೊಂಡು ತಾಯಿಯ ಪಕ್ಕ ಕುಳಿತ.

ಮರುದಿನ ಉಜ್ವಲಾ ಪ್ರತಿಯೊಬ್ಬರ ಬಾಯಿಯನ್ನೂ ನೋಡಿ ಇದ್ದದ್ದನ್ನು ಇದ್ದ ಹಾಗೆ ಬರೆದಳು. ತಪ್ಪೊಪ್ಪಿಗೆಯ ಕಾಗದವನ್ನೂ ಕೊಟ್ಟಳು. ಆಶ್ರಮದವರು ಅವಳನ್ನು ಕೆಲಸದಿಂದ ಬಿಡಿಸಿದರು. ಹುಣ್ಣು ಮಾಯುವ ತನಕ ಅತ್ತೆಯನ್ನು ಮನೆಯಲ್ಲಿಟ್ಟುಕೊಂಡು ತಾನೇ ಗಂಜಿ ಕುಡಿಸಿದಳು. ಆದರೆ ಕಣ್ಣು ಮುಚ್ಚಿದರೆ ಸಾಕು, ತಾರವ್ವನ ತಣ್ಣನೆಯ ತುಟಿ ಬೆರಳಿಗೆ ತಾಗುತ್ತಿತ್ತು. ತಡೆಯಲಾರದೆ ಆ ಸೆಟ್ಟನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಅಲಖನೂರಿಗೆ, ತಾರವ್ವನ ಮಗಳು ಕಾಂಚನಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು.

ಕಾಂಚನ ಗಂಟನ್ನು ಉಡಿಯಲ್ಲಿಟ್ಟುಕೊಂಡಳು.

"ಅವತ್ತ ಆ ಸೆಟ್ ಹಾಕಿದ ಮ್ಯಾಲ ಅವ್ವ ನಗೂವಂಗ ಕಂಡಿದ್ಲ್ರಿ. ಬದುಕಿದ್ದಾಗ ಅಕಿ ಎಂದೂ ಹಂಗ ನಕ್ಕಿರಲಿಲ್ಲ. ಸುಖದಿಂದ ಹೋದ್ಲು ಅಂತ ನಾವು ಸಮಾಧಾನ ಮಾಡ್ಕೊಂಡಿದ್ವಿ..."

ಕಾಂಚನ ಎದ್ದು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಮುಂದಿಟ್ಟಳು.

"ಹೇಳಿದ್ದು ಚಲೋ ಆತ್ರಿ," ಎಂದಳು. "ನೀರ ಕುಡದ ಹೋಗ್ರಿ. ಇನ್ನ ಮ್ಯಾಲ ಈ ಕಡೆ ಬರಬ್ಯಾಡ್ರಿ."