ಚೆಂಡಿನ ಹಿಂದೆ ಓಡಿದ ಫೋನ್

"ಇದ್ರಲ್ಲಿ ನನ್ನ ಐದು ಜನ ಎಲ್ಲಿದ್ದಾರೆ, ನಿಶ್ಮಿತಾ?"

ಕೋಚ್ ವರ್ಷಾ ಆಂಟಿ ಫೋನಿಗೆ ಅಂಗೈಯಿಂದ ಬಿಸಿಲು ಮರೆಮಾಡಿ ಕೇಳಿದರು. ನಿಶ್ಮಿತಾ ಇಣುಕಿದಳು. ವಿಡಿಯೋ ಎಷ್ಟು ಚೆನ್ನಾಗಿ ಬಂದಿತ್ತು! ತಂಡದ ಋಷಿ ಚೆಂಡು ಎಸೆದದ್ದು, ಅದು ಗಿರಗಿರ ತಿರುಗುತ್ತಾ ಹೋದದ್ದು, ಯಾರೋ ಹಾರಿ ಹಿಡಿದದ್ದು, ಎಲ್ಲವೂ ಇತ್ತು. ಆ ಐವರು ಮಾತ್ರ ಇರಲಿಲ್ಲ.

"ನಾನು ಬಾಲ್ ಫಾಲೋ ಮಾಡ್ದೆ, ಆಂಟಿ."

"ಎಲ್ರೂ ಅದನ್ನೇ ಮಾಡೋದು ಪುಟ್ಟಾ. ಅದಕ್ಕೇ ಇವರನ್ನ ಯಾರೂ ನೋಡೋದೇ ಇಲ್ಲ."

ಇದು ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಿಂದ ಎಸೆದು, ಹಿಡಿದು, ಓಡುವ ಅಮೆರಿಕದ ಆಟ. ಎಸೆಯುವವನ ಮುಂದೆ ಐದು ಜನ ಸಾಲಾಗಿ ನಿಲ್ಲುತ್ತಾರೆ. ಎದುರಿನವರು ನುಗ್ಗಿ ಬಂದು ಅವನ ಸೊಂಟದ ಪಟ್ಟಿ ಕಿತ್ತರೆ ಕೆಲಸ ಕೆಟ್ಟಿತು. ಹಾಗಾಗದಂತೆ ತಡೆಯುವುದೇ ಈ ಐವರ ಕೆಲಸ.

ಕಾಲೇಜಿನ ಮೊದಲ ಮ್ಯಾಚಿಗೆ ಇನ್ನು ಎರಡೇ ವಾರ. ಸಾಲಿನಲ್ಲಿ ನಾಲ್ಕು ಜಾಗ ತೀರ್ಮಾನವಾಗಿತ್ತು. ಎಡತುದಿಯ ಜಾಗ ಮಾತ್ರ ಉಳಿದಿತ್ತು. ಅದು ನಿಶ್ಮಿತಾಳ ಅಣ್ಣ ದೀಪೇಶನಿಗೋ, ಅವನ ಗೆಳೆಯ ಅಮನ್‌ಗೋ? ಇವತ್ತಿನ ವಿಡಿಯೋ ನೋಡಿ ಕೋಚ್ ಹೇಳುವವರಿದ್ದರು. ಅಣ್ಣ ಹೋದ ವರ್ಷವಿಡೀ ಬೆಂಚಿನ ಮೇಲೆ ಕೂತು ಬೇರೆಯವರ ನೀರಿನ ಬಾಟಲಿ ಕಾದಿದ್ದ. ಅದು ನಿಶ್ಮಿತಾಗೆ ಗೊತ್ತಿತ್ತು.

"ಬಾಲ್ ಎಲ್ಲಿಗಾದ್ರೂ ಹಾಳಾಗಿ ಹೋಗ್ಲಿ, ಫೋನ್ ಅಲ್ಲಾಡಬಾರದು," ಎಂದರು ಆಂಟಿ.

ಮೊದಲು ದೀಪೇಶನ ಸರದಿ. ಎದುರಿಗೆ ಒಬ್ಬ ಉದ್ದನೆಯ ಹುಡುಗ. ಅವನು ನುಗ್ಗಿದ, ಅಣ್ಣ ತಡೆದ. ಮತ್ತೆ ನುಗ್ಗಿದ, ಮತ್ತೆ ತಡೆದ. ಮೂರನೆಯ ಸಲ ಹುಡುಗ ಬಲಕ್ಕೆ ಬರುವವನಂತೆ ಮಾಡಿ ಸರ್ರನೆ ಎಡಕ್ಕೆ ಹೊರಳಿದ. ಅಣ್ಣ ತಪ್ಪಿದ ಎಂದು ಕಂಡದ್ದೇ ತಡ, ನಿಶ್ಮಿತಾ ಫೋನನ್ನು ಮೇಲಕ್ಕೆ ಎತ್ತಿಬಿಟ್ಟಳು.

ವಿಡಿಯೋ ನೋಡಿದ ಆಂಟಿ ಹುಬ್ಬೇರಿಸಿದರು. "ಇದೇನೇ, ಮೂರನೇದ್ರಲ್ಲಿ ಬರೀ ಆಕಾಶ?"

"ಕೈ... ಸ್ಲಿಪ್ ಆಯ್ತು, ಆಂಟಿ."

ನೀರು ಕುಡಿಯುತ್ತಿದ್ದ ದೀಪೇಶ ಬಾಟಲಿ ಕೆಳಗಿಳಿಸಿ ತಂಗಿಯನ್ನು ನೋಡಿದ. ಅವಳು ತನ್ನ ಶೂ ನೋಡಿಕೊಂಡಳು.

"ಅದ್ರಲ್ಲಿ ನಾನು ಬೀಟ್ ಆದೆ, ಕೋಚ್," ಎಂದ ಅವನು. "ಎಡಗಡೆಯಿಂದ ಆರಾಮಾಗಿ ಹೋಗ್ಬಿಟ್ಟ. ಹೇಗೆ ಅಂತಾನೇ ಗೊತ್ತಾಗ್ಲಿಲ್ಲ. ವಿಡಿಯೋ ಇದ್ದಿದ್ರೆ ನೋಡ್ಬಹುದಿತ್ತು."

ಬೈದಿದ್ದರೇ ವಾಸಿ ಇತ್ತು ಎನಿಸಿತು ನಿಶ್ಮಿತಾಗೆ.

"ಇನ್ನೊಂದ್ಸಲ ಆಡೋಣ್ವಾ, ಕೋಚ್? ನಿಶ್ಮಿ, ಈ ಸಲ ಬರೀ ನನ್ನ ಕಾಲು ತೆಗಿ."

"ತುಂಬಾ ಝೂಮ್ ಮಾಡ್ಬೇಡ ಲಾ!" ಎಂದು ಅಮನ್ ಅಲ್ಲಿನವರ ಧಾಟಿಯಲ್ಲಿ ಕೂಗಿದ. "ಅವನ ಶೂ ವಾಸನೆಗೆ ಫೋನ್ ಹ್ಯಾಂಗ್ ಆಗತ್ತೆ!"

ನಿಶ್ಮಿತಾ ಹುಲ್ಲಿನ ಮೇಲೆ ಮಂಡಿಯೂರಿ, ಎರಡೂ ಕೈಯಿಂದ ಫೋನ್ ಹಿಡಿದಳು. ಉದ್ದನೆಯ ಹುಡುಗ ಬಂದ. ಅಣ್ಣ ಮತ್ತೆ ತಪ್ಪಿದ. ಫೋನ್ ಮಾತ್ರ ಕದಲಲಿಲ್ಲ.

ಆಂಟಿ ವಿಡಿಯೋ ನಿಲ್ಲಿಸಿ ಬೆರಳಿಟ್ಟು ತೋರಿಸಿದರು. "ಇಲ್ಲಿ ನೋಡು. ಅವನು ಹೊರಳೋ ಮೊದಲೇ ನಿನ್ನ ಎಡಗಾಲು ಎದ್ದಿದೆ. ಒಂಟಿಕಾಲಲ್ಲಿ ನಿಂತು ಯಾರನ್ನ ತಡೀತೀಯಾ?"

"ಅಯ್ಯೋ, ಹೌದಲ್ಲ!" ಎಂದ ದೀಪೇಶ.

ಮುಂದಿನ ಸಲ ಎಡಗಾಲು ನೆಲ ಬಿಡಲಿಲ್ಲ. ಹುಡುಗ ಅಲ್ಲೇ ಸಿಕ್ಕಿಕೊಂಡ. ದೂರದಲ್ಲಿ ಎಲ್ಲರೂ ಹೋ ಎಂದರು. ಯಾರು ಚೆಂಡು ಹಿಡಿದರೋ, ನಿಶ್ಮಿತಾ ತಿರುಗಿ ನೋಡಲಿಲ್ಲ. ಆಮೇಲೆ ಅಮನ್‌ನ ಸರದಿಯನ್ನೂ ಹಾಗೇ ತೆಗೆದಳು. ಅವನು ಒಂದು ಸಲವೂ ತಪ್ಪಲಿಲ್ಲ.

"ಮೊದಲನೇ ಮ್ಯಾಚ್‌ಗೆ ಅಮನ್," ಎಂದರು ಆಂಟಿ. "ದೀಪೇಶ, ಎರಡನೇದಕ್ಕೆ ನಿನ್ನನ್ನ ಮತ್ತೆ ನೋಡ್ತೀನಿ."

ಅಣ್ಣ ತಂಗಿ ಜುರಾಂಗ್ ಈಸ್ಟ್‌ನಲ್ಲಿ ಎಂಆರ್‌ಟಿ ರೈಲು ಹತ್ತಿದರು. ಪಾಸಿರ್ ರಿಸ್‌ನ ಮನೆ ಮುಟ್ಟಲು ಇನ್ನೂ ಒಂದು ಗಂಟೆ ಬೇಕು. ಮೂರು ಸ್ಟೇಷನ್ ದಾಟುವವರೆಗೂ ಅಣ್ಣ ಕಿಟಕಿಯ ಕಡೆಗೇ ನೋಡುತ್ತಿದ್ದ. ಆಮೇಲೆ ಕೈ ಚಾಚಿದ.

"ಫೋನ್ ಕೊಡು."

ಅವಳು ಅಣ್ಣ ತಡೆದ ವಿಡಿಯೋ ಹಾಕಿ ಕೊಟ್ಟಳು.

"ಇದಲ್ಲ. ಬೀಟ್ ಆದದ್ದು."

ಇಬ್ಬರೂ ತಲೆಗೆ ತಲೆ ತಾಗಿಸಿ ಅದನ್ನೇ ನೋಡಿದರು. ಮತ್ತೊಮ್ಮೆ ನೋಡಿದರು. ನಾಲ್ಕನೆಯ ಸಲ ನಿಶ್ಮಿತಾ ಅಣ್ಣನಿಗಿಂತ ಮೊದಲೇ ಬೆರಳಿಟ್ಟಳು. "ಇಲ್ಲಿ! ಕಾಲು ಎದ್ದಿತು."

"ಹೂಂ," ಎಂದ ಅವನು.

"ಅಣ್ಣಾ, ಮುಂದಿನ ಶನಿವಾರ ನಾನು ಬೇಲಿ ಪಕ್ಕ ನಿಲ್ತೀನಿ. ಅಲ್ಲಿಂದ ನೀನು ಬೀಟ್ ಆಗೋದು ಇನ್ನೂ ಕ್ಲಿಯರ್ ಆಗಿ ಕಾಣತ್ತೆ."

ದೀಪೇಶ ಅವಳ ಜಡೆ ಎಳೆದು, ವಿಡಿಯೋವನ್ನು ಮತ್ತೆ ಮೊದಲಿನಿಂದ ಹಾಕಿದ.