ಎರಡು ಎಂಬಿಯ ಆಮಿಷ

ಹನ್ನೊಂದು ವರ್ಷ ಕೂತು ಬಿಡಿಸಿದ್ದ ಕಸೂತಿ ವಿನ್ಯಾಸಗಳು. ಅಂದು ಬೆಳಿಗ್ಗೆ ಕಂಪ್ಯೂಟರಿನಲ್ಲಿ ಒಂದೂ ತೆರೆಯಲಿಲ್ಲ.

ಕಸೂತಿ ಅಂಗಡಿಯ ಒಡತಿ ಮತ್ತೆ ಮತ್ತೆ ಒತ್ತಿ ನೋಡಿದಳು. ಪರದೆಯ ಮೇಲೆ ಒಂದೇ ಸಾಲು: ‘ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ.’

ಎದುರು ಬೀದಿಯ ರಿಪೇರಿಯಕ್ಕನನ್ನು ಕರೆಸಿದಳು. ಕೆಟ್ಟ ಕಂಪ್ಯೂಟರಿನ ಗುಟ್ಟು ಬಿಡಿಸುವುದರಲ್ಲಿ ಆಕೆ ಎತ್ತಿದ ಕೈ.

ರಿಪೇರಿಯಕ್ಕ ಬಂದವಳೇ ಇಂಟರ್ನೆಟ್ ತಂತಿ ಕಿತ್ತಳು.

“ನಿನ್ನೆ ಇದನ್ನ ಯಾರ್ಯಾರು ಮುಟ್ಟಿದ್ರು?”

“ನಾನು. ಹೊಲಿಗೆ ಯಂತ್ರದ ಮೆಕ್ಯಾನಿಕ್, ಎರಡು ಗಂಟೆಗೇ ಹೋದ. ಮಾವ ಇದರಲ್ಲೇ ಪೇಪರ್ ಓದ್ತಾರೆ. ಆಮೇಲೆ ನನ್ನ ಮೈದುನ. ಕಾಲು ಮುರ್ಕೊಂಡು ಹಿಂದಿನ ಕೋಣೇಲಿದಾನೆ. ಅವನು ಟೀವಿಗೆ ಹಾಕಿ ಆಡೋ ಗೇಮ್ ಪೆಟ್ಟಿಗೆ ಬೇರೆ ಕೆಟ್ಟು ಕೂತಿದೆ.”

ರಿಪೇರಿಯಕ್ಕ ಹುಡುಕಿದಳು. ಹಿಂದಿನ ದಿನ ನಾಲ್ಕು ಗಂಟೆಗೆ ಇಳಿಸಿಕೊಂಡ ಫೈಲ್ ಸಿಕ್ಕಿತು. ಕಂಪ್ಯೂಟರನ್ನೇ ಗೇಮ್ ಪೆಟ್ಟಿಗೆಯಂತೆ ನಡೆಸುವ ಎಮ್ಯುಲೇಟರ್ ಎಂದು ಅದರ ಹೆಸರು. ಇಳಿಸಲು ತುಂಬಿದ್ದ ಅರ್ಜಿಯೂ ಹಾಗೇ ಉಳಿದಿತ್ತು. ಅದರಲ್ಲಿ ಮೈದುನನ ಹೆಸರು!

“ಇವನೇ!” ಒಡತಿ ಸಿಡಿದಳು.

ಮೈದುನ ಊರುಗೋಲು ಹಿಡಿದು ಕುಂಟುತ್ತ ಬಂದ. “ಅತ್ತಿಗೆ, ನಿಮ್ಮಾಣೆ ನಾನಲ್ಲ!”

“ಇದು ಆ ಫೈಲಿನ ಜಾಹೀರಾತು, ಓದಿ,” ಎಂದಳು ರಿಪೇರಿಯಕ್ಕ ಅವನಿಗೆ.

“ಹೊಸ ಪೆಟ್ಟಿಗೆ, ನೂರು ಆಟ ಸಮೇತ... ಫೈಲ್ ಎಷ್ಟು ದೊಡ್ಡದು? ಬರೀ ಎರಡು ಎಂಬಿ?” ಅವನಿಗೆ ಆ ಸಂಕಟದಲ್ಲೂ ನಗು ಬಂತು. “ಒಂದು ಆಟಕ್ಕೇ ಸಾವಿರಾರು ಎಂಬಿ ಬೇಕಕ್ಕಾ. ಅದೂ ಈ ಮುದಿ ಕಂಪ್ಯೂಟರಲ್ಲಿ?”

“ಅಂದ್ರೆ ಆಟ ಬಲ್ಲವರು ಇದಕ್ಕೆ ಬೀಳಲ್ಲ,” ಎಂದಳು ರಿಪೇರಿಯಕ್ಕ. “ನಿಜವಾದ ಎಮ್ಯುಲೇಟರು ಆಟಗಳನ್ನ ಹೊತ್ಕೊಂಡು ಬರಲ್ಲ. ‘ನೀವು ಮನುಷ್ಯರೇ?’ ಅಂತ ಅರ್ಜಿ ತುಂಬಿಸಲ್ಲ. ವೈರಸ್ ತಡೆಯೋ ಆಂಟಿವೈರಸ್ ಆಫ್ ಮಾಡಿ ಅನ್ನಲ್ಲ. ಇದು ಮೂರನ್ನೂ ಮಾಡಿದೆ.”

“ಆದ್ರೆ ಇವನ ಹೆಸರು?” ಎಂದಳು ಒಡತಿ.

“ನೀವು ಹೆಸರು ನೋಡಿದ್ರಿ. ಅದಕ್ಕೆ ಮೊದಲಿರೋ ಅಕ್ಷರ ನೋಡಲಿಲ್ಲ.”

ಒಡತಿ ಬಗ್ಗಿದಳು. ಹೆಸರಿನ ಮುಂಚೆ ಪುಟ್ಟದಾಗಿ ‘ಚಿ.’ ಎಂದಿತ್ತು.

“ತನಗೆ ತಾನೇ ಚಿರಂಜೀವಿ ಅಂತ ಯಾರು ಬರ್ಕೊಳ್ತಾರೆ? ಇದು ಹಿರಿಯರ ಬರಹ.” ರಿಪೇರಿಯಕ್ಕ ಬಾಗಿಲ ಕಡೆ ತಿರುಗಿದಳು. “ಅಲ್ವಾ ಯಜಮಾನರೇ?”

ಬಾಗಿಲಲ್ಲಿ ನಿಂತಿದ್ದ ಮಾವ ತಲೆ ತಗ್ಗಿಸಿದರು.

“ದಿನವಿಡೀ ಗೋಡೆ ನೋಡ್ತಾ ಮಲಗಿರ್ತಿದ್ದ. ಅವನಿಗೆ ಹೇಳದೆ ತಂದಿಡೋಣ ಅಂದ್ಕೊಂಡೆ. ಆಂಟಿವೈರಸ್ ಆಫ್ ಮಾಡಿ ಅಂತು, ಮಾಡಿದೆ.”

“ಮೋಸ ಮಾಡಿದೋರು ಎಲ್ಲೋ ಇದಾರೆ. ಬಾಗಿಲು ತೆಗೆದದ್ದು ನೀವು,” ಎಂದಳು ರಿಪೇರಿಯಕ್ಕ ಮೆಲ್ಲಗೆ. ಒಡತಿಯನ್ನು ಕೇಳಿದಳು, “ಬೇರೆ ಪ್ರತಿ ಏನಾದ್ರೂ?”

“ಪೆನ್‌ಡ್ರೈವಲ್ಲಿ ಮೂರು ವರ್ಷದ್ದಿದೆ. ಉಳಿದದ್ದು ಇಲ್ಲ.”

ಒಡತಿ ಪರದೆಯನ್ನೇ ದಿಟ್ಟಿಸಿದಳು. ಕಣ್ಣೊರೆಸಿಕೊಂಡಳು. ಆಮೇಲೆ ಕುರ್ಚಿ ಬಿಟ್ಟೆದ್ದು ಅದನ್ನು ಬಾಗಿಲ ಬಳಿಗೆ ಎಳೆದಳು.

“ಕೂತ್ಕೊಳ್ಳಿ ಮಾವ. ಆಗಿಂದ ನಿಂತೇ ಇದೀರಿ.”